ವ್ಯಾನಿಗೊಂದು ನೆರಳಿನ ಅಂಗಿ

ಕಳೆದ ಗುರುವಾರ ಮಧ್ಯಾಹ್ನ ನಮ್ಮ ವ್ಯಾನಿನೊಳಗೆ ಒಂದು ಮೇಣದಬತ್ತಿ ಸೊಂಟ ಬಗ್ಗಿಸಿ ನಿಂತಿತ್ತು. ಅದನ್ನು ಯಾರೂ ಹಚ್ಚಿರಲಿಲ್ಲ. ಕತ್ತಲಾದರೆ ಬೇಕಾದೀತು ಎಂದು ಒಲೆಯ ಪಕ್ಕ ನಿಲ್ಲಿಸಿದ್ದೆ, ಅಷ್ಟೇ. ಬೆಂಕಿಯ ಮುಖವನ್ನೇ ಕಾಣದೆ ಅದು ಕರಗಿ, ಪಾತ್ರೆ ತೊಳೆಯುವ ಸಿಂಕಿಗೆ ನಮಸ್ಕಾರ ಮಾಡುತ್ತಿತ್ತು.

"ನೋಡಿ, ಮೇಣಕ್ಕೇ ಈ ಗತಿ. ಇದ್ರೊಳಗೆ ನನ್ನ ಮಲಗು ಅಂತೀರಲ್ಲ?" ಎಂದೆ.

"ಅದು ಕ್ವಾಲಿಟಿ ಇಲ್ಲದ ಕ್ಯಾಂಡಲ್ಲು ಮಾರಾಯ್ತಿ," ಎಂದರು ನಮ್ಮ ಮನೆಯವರು.

ವ್ಯಾನಿನ ತಪ್ಪನ್ನು ಯಾರ ತಲೆಗಾದರೂ ಕಟ್ಟಿಯಾರು, ವ್ಯಾನಿನ ಮೇಲೆ ಮಾತ್ರ ಒಂದು ಮಾತು ಬರಬಾರದು. ಅಷ್ಟು ಪ್ರೀತಿ.

ಮೊದಲು ಈ ಪ್ರೀತಿಯ ವಿಷಯ ಹೇಳಿಬಿಡುತ್ತೇನೆ. ನಮ್ಮವರು ಬಾಳೂರಿನ ಹತ್ತಿರದ ಎಸ್ಟೇಟೊಂದರಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವರು. (ಕಥೆ ಬರೆಯುವ ರೈಟರ್ ಅಲ್ಲ, ಆಳುಗಳ ಹಾಜರಿ ಬರೆಯುವ ರೈಟರ್. ಕಥೆ ಬರೆಯುವ ಕೆಲಸ ಈ ಮನೆಯಲ್ಲಿ ನನ್ನದು.) ಆ ಮೂವತ್ತು ವರ್ಷದಲ್ಲಿ ನಾವು ಹೊರಟ ಪ್ರವಾಸಗಳಿಗಿಂತ ಹೊರಡದೆ ಉಳಿದ ಪ್ರವಾಸಗಳೇ ಹೆಚ್ಚು. ಚಳಿಗಾಲ ಬಂತೋ, ಕಾಫಿ ಕೊಯ್ಲು. ಅದು ಮುಗಿಯಿತೋ, ಹೂವಿಗೆ ನೀರು ಹಾಯಿಸುವುದು. ಆಮೇಲೆ ಗೊಬ್ಬರ, ಆಮೇಲೆ ಮಳೆ. ಪಾಪದ ಮನುಷ್ಯ, ಕಟ್ಟಿದ ಬ್ಯಾಗನ್ನು ಎಷ್ಟು ಸಲ ಬಿಚ್ಚಿಟ್ಟರೋ.

ನಿವೃತ್ತಿಯಾದ ಕೂಡಲೇ ಒಂದು ಹಳೆಯ ಸ್ಕೂಲ್ ವ್ಯಾನ್ ಕೊಂಡುಕೊಂಡರು. ಸೀಟು ಕಿತ್ತರು. ಮಂಚ ಹಾಕಿಸಿದರು, ಗ್ಯಾಸ್ ಒಲೆ, ಸಿಂಕು, ನನ್ನ ಸೀರೆಗೆ ಒಂದು ಪುಟ್ಟ ಕಪಾಟು. ಬೆಳಗ್ಗೆ ಎದ್ದರೆ ಪ್ರತಿದಿನ ಬೇರೆ ಊರು, ಆದರೆ ಹಾಸಿಗೆ ಮಾತ್ರ ನಮ್ಮದೇ. ಇದು ಅವರ ಕನಸು. ಕನಸೇನೋ ಚೆನ್ನಾಗಿತ್ತು. ಮೊದಲ ಪ್ರಯಾಣದಲ್ಲೇ ಘಟ್ಟ ಇಳಿದು ಒಂದು ಹೊಳೆಯ ಪಕ್ಕ ನಿಲ್ಲಿಸಿದೆವು. ಹನ್ನೊಂದು ಗಂಟೆಯಿಂದ ಸಂಜೆಯವರೆಗೆ ನಾನು ಕೂತದ್ದು ಮಾತ್ರ ರಸ್ತೆ ಬದಿಯ ಟೀ ಅಂಗಡಿಯ ಬೆಂಚಿನ ಮೇಲೆ, ತಲೆಗೆ ಒದ್ದೆ ಟವೆಲ್ ಹಾಕಿಕೊಂಡು. ವ್ಯಾನಿನೊಳಗೆ ಕಾಲಿಡಲಾಗಲಿಲ್ಲ.

ಮನೆಗೆ ಬಂದವಳೇ ಒಂದು ಷರತ್ತು ಹಾಕಿದೆ. "ಇದ್ರಲ್ಲಿ ನಂಗೆ ಒಂದೇ ಒಂದು ಮಧ್ಯಾಹ್ನ ನಿದ್ದೆ ಬಂದ್ರೆ ಇಟ್ಕೊಳಿ. ಇಲ್ಲದಿದ್ರೆ ಕೊಟ್ಟಿಗೆಹಾರದ ಮೀನು ವ್ಯಾಪಾರಿ ಕೇಳ್ತಾ ಇದಾರಲ್ಲ, ಅವ್ರಿಗೆ ಕೊಟ್ಬಿಡಿ."

ಅವರು ವ್ಯಾಪಾರಿಗೆ ಫೋನ್ ಮಾಡಿ, ಭಾನುವಾರ ಸಂಜೆ ಐದಕ್ಕೆ ಬನ್ನಿ ಎಂದರು. ಫೋನಿಟ್ಟು ವ್ಯಾನಿನ ಬಾನೆಟ್ಟನ್ನು ಹಸುವಿನ ಬೆನ್ನು ಸವರುವ ಹಾಗೆ ಸವರಿದರು. ಆದರೆ ಷರತ್ತು ಷರತ್ತೇ. ಬೆಂದುಹೋಗುವವಳು ನಾನು ತಾನೇ?

ಹಾಗಂತ ಅವರು ಕೈಕಟ್ಟಿ ಕೂರಲಿಲ್ಲ. ಮೊದಲು ಹಲಸಿನ ಮರದ ಕೆಳಗೆ ನಿಲ್ಲಿಸಿದರು. ಮರದ ಕೆಂಪು ಚಗಳಿ ಇರುವೆಗಳು ಅರ್ಧ ಗಂಟೆಯಲ್ಲಿ ಹಾಸಿಗೆಯನ್ನು ವಶಪಡಿಸಿಕೊಂಡವು. ಸರಿ ಎಂದು ಮನೆ ಮುಂದಿನ ಕಣಕ್ಕೆ ತಂದರು. ಕಾಫಿ ಒಣಗಿಸುವ ಸಿಮೆಂಟಿನ ಕಣ. ಸಮತಟ್ಟು ಜಾಗ, ಇರುವೆ ಇಲ್ಲ, ಕೊಯ್ಲು ಮುಗಿದು ಖಾಲಿ ಬೇರೆ ಬಿದ್ದಿತ್ತು. ಆಮೇಲೆ ಮೂಡಿಗೆರೆಗೆ ಹೋಗಿ ದಪ್ಪ ವೆಲ್ವೆಟ್ ಕರ್ಟನ್ ತಂದರು. ಕರ್ಟನ್ ಹಿಂದೆ, ಗಾಜಿಗೆ ಒಳಗಡೆಯಿಂದ, ಬೆಳ್ಳಿ ಬಣ್ಣದ ಶೀಟು ಅಂಟಿಸಿದರು. ಅದೂ ಸಾಲದೆಂದು ಎರಡು ಫ್ಯಾನು. (ಎ.ಸಿ. ಹಾಕಬಾರದಿತ್ತೇ ಎಂದು ಕೇಳಬೇಡಿ. ಇಂಜಿನ್ ಓಡಿದರೆ ಮಾತ್ರ ಅದೂ ಓಡುತ್ತದಂತೆ. ಡೀಸೆಲ್ ಹೊಗೆಯ ಜೋಗುಳ ಯಾರಿಗೆ ಬೇಕು?)

ಇಷ್ಟೆಲ್ಲ ಆದಮೇಲೆಯೇ ಮೇಣದಬತ್ತಿ ಸೊಂಟ ಬಗ್ಗಿಸಿದ್ದು.

ಆ ಹೊತ್ತಿಗೆ ಕಮಲಕ್ಕ ಬಂದರು. ಆ ಎಸ್ಟೇಟಿನಲ್ಲಿ ನಮ್ಮವರು ಹಾಜರಿ ಬರೆಯುತ್ತಿದ್ದಷ್ಟೂ ಕಾಲ ಹಾಜರಿ ಹಾಕಿಸಿಕೊಂಡವರು. ಈಗ ನಮ್ಮ ಮೂರೆಕರೆ ತೋಟದ ಕಾಫಿ ನರ್ಸರಿ ನೋಡಿಕೊಳ್ಳುತ್ತಾರೆ. ಸಸಿಗೆ ನೀರು ಹಾಕಿ ಮುಗಿಸಿ, ಕಣದ ಅಂಚಿನಲ್ಲಿ ನಿಂತು ವ್ಯಾನನ್ನು ಮೇಲಿಂದ ಕೆಳಗೆ ನೋಡಿದರು. ಬಾಗಿಲು ತೆರೆದು ಕೈ ಒಳಗೆ ಚಾಚಿದರು. ತಕ್ಷಣ ಹಿಂದಕ್ಕೆಳೆದುಕೊಂಡರು.

"ರೈಟ್ರೇ, ಇದೆಂತ ಮಾಡಿದೀರಿ? ಕಾಫಿ ಒಣಗ್ಸೋ ಜಾಗದಲ್ಲಿ ಅಮ್ಮನ್ನ ಒಣಗ್ಸೋದಾ?"

"ಕರ್ಟನ್ ಹಾಕಿದೀನಲ್ಲ ಕಮಲಕ್ಕ. ಶೀಟೂ ಇದೆ."

"ಎಲ್ಲಿ ಹಾಕಿದೀರಿ? ಒಳಗೆ! ಬಿಸ್ಲು ಗಾಜು ದಾಟಿ ಒಳಗ್ ಬಂದ್ಮೇಲೆ ಪರದೆ ಎಳುದ್ರೆ ಅದು ವಾಪಸ್ ಹೋಗುತ್ತಾ? ಅದೂ ನಿಮ್ ಜತೇಲೇ ಕೂತ್ಕಳುತ್ತೆ."

ನಮ್ಮವರು ಕರ್ಟನ್ ಸರಿಸಿ ಶೀಟಿನ ಮೇಲೆ ಬೆರಳಿಟ್ಟು ಚಟ್ಟನೆ ತೆಗೆದರು.

ಕಮಲಕ್ಕ ಬಿಡಬೇಕಲ್ಲ? "ನರ್ಸರೀಲಿ ನೆರಳು ಎಲ್ಲಿ ಕಟ್ತೀವಿ, ಸಸಿ ಮೇಲಾ ಕೆಳಗಾ? ಗಿಡಕ್ಕೆ ನೆರಳು ಸಾಲ್ದು, ಮರ ಜಾಸ್ತಿ ಕಡುದ್ರಿ ಅಂತ ಮೂವತ್ತ್ ವರ್ಷ ನಮ್ಗೆ ಬೈದ್ರಿ. ಅಮ್ಮಂಗೆ ಎಷ್ಟು ನೆರಳು ಬೇಕು ಅಂತ ಗೊತ್ತಾಗ್ಲಿಲ್ವಾ?"

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಎಷ್ಟು ಸರಿಯಾದ ಮಾತು! ಯಾವ ಗಿಡಕ್ಕೆ ಯಾವ ಮರದ ನೆರಳು, ಯಾವ ತಿಂಗಳಲ್ಲಿ ಯಾವ ಕೊಂಬೆ ಕಡಿಸಬೇಕು ಎಂದು ನಿದ್ದೆಯಲ್ಲೂ ಹೇಳಬಲ್ಲ ಮನುಷ್ಯ. ಅವರಿಗೆ ಚಕ್ರದ ಮೇಲೊಂದು ಮನೆ ಸಿಕ್ಕಿದ ಕೂಡಲೇ ಆ ವಿದ್ಯೆಯೆಲ್ಲ ಮರೆತೇಹೋಯಿತು. ಗಿಡ ಗಿಡವೇ, ಗಾಡಿ ಗಾಡಿಯೇ ಎಂದುಕೊಂಡರೋ ಏನೋ.

ನಾವೆಲ್ಲರೂ ಹೀಗೇ ಅಲ್ಲವೇ? ಮೊಬೈಲಿನಲ್ಲಿ ಬೆಳಗ್ಗೆ ಬೆಳಗ್ಗೆ ಊರಿನ ಜಗಳವನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತೇವೆ. ಆಮೇಲೆ ಮನಸ್ಸು ತಣ್ಣಗಾಗಲಿ ಎಂದು ಕಣ್ಣು ಮುಚ್ಚಿ ಉಸಿರು ಎಣಿಸುತ್ತೇವೆ. ಒಳಗೆ ಎಷ್ಟು ಕರ್ಟನ್ ಎಳೆದರೇನು, ಬರಬೇಕಾದದ್ದು ಬಂದಾಗಿದೆಯಲ್ಲ?

ಇರಲಿ. ಉಪದೇಶ ಸಾಕು, ಕೆಲಸಕ್ಕೆ ಬರೋಣ.

ನರ್ಸರಿಗೆ ತಂದು ಉಳಿದಿದ್ದ ಹಸಿರು ನೆರಳು ಬಲೆ ಉಗ್ರಾಣದಲ್ಲಿ ಸುತ್ತಿಟ್ಟಿತ್ತು. ಶನಿವಾರ ಬೆಳಗ್ಗೆ ಅದನ್ನು ಕಣದಲ್ಲಿ ಹಾಸಿದೆವು. ನಮ್ಮವರು ಟೇಪು ಹಿಡಿದು ಒಂದೊಂದು ಕಿಟಕಿಯನ್ನೂ ಅಳೆದರು. ಗಾಜಿಗಿಂತ ಸುತ್ತಲೂ ಒಂದು ಗೇಣು ಹೆಚ್ಚಿಗೆ ಕತ್ತರಿಸಿದರು. ಗೋಣಿ ಹೊಲಿಯುವ ದಬ್ಬಣ ಹಿಡಿದು ಕಮಲಕ್ಕ ಅಂಚು ಮಡಚಿ ಹೊಲಿದರು. ಹಳೆಯ ಟೈರಿನ ಟ್ಯೂಬನ್ನು ನಾನು ಪಟ್ಟಿಪಟ್ಟಿಯಾಗಿ ಕತ್ತರಿಸಿದೆ. ಅದೇ ಕಟ್ಟಲು ರಬ್ಬರು, ತುದಿಗೆ ತಂತಿಯ ಕೊಕ್ಕೆ. ಮೇಲಿನ ಕೊಕ್ಕೆ ಚಾವಣಿಯ ಅಂಚಿಗೆ, ಕೆಳಗಿನದು ಬಾಡಿಯ ತಳಕ್ಕೆ.

ಬಲೆಯನ್ನು ಗಾಜಿಗೆ ಒತ್ತಿ ಬಿಗಿಯಲು ಹೊರಟಾಗ ಕಮಲಕ್ಕ ಮತ್ತೆ ಗದರಿದರು. "ಅಂಟಿಸ್ಬೇಡಿ ರೈಟ್ರೇ, ನಡುವೆ ಗಾಳಿ ಓಡಾಡ್ಬೇಕು."

"ಆಯ್ತು ಮೇಸ್ತ್ರಿ," ಎಂದರು ನಮ್ಮವರು. ಮೂವತ್ತು ವರ್ಷದ ನಂತರ ಹಾಜರಿ ಪುಸ್ತಕ ಕೈಬದಲಾಯಿಸಿತ್ತು!

ನಡುವೆ ಅಂಗೈಯಗಲ ಜಾಗ ಬಿಡಲು ಬಿದಿರಿನ ತುಂಡುಗಳನ್ನು ಸಿಕ್ಕಿಸಿದರು. ಮಧ್ಯಾಹ್ನದ ಬಿಸಿಲು ಹೊಡೆಯುವ ಪಡುವಣ ಬದಿಗೆ ಎರಡು ಪದರ. ಮುಂದಿನ ದೊಡ್ಡ ಗಾಜಿಗೂ ಎರಡು. ನೋಡಲು ಹೇಗಿತ್ತು ಎಂದಿರಾ? ಮದುವೆ ಮನೆಗೆ ಹೊರಟು ದಾರಿ ತಪ್ಪಿ ನರ್ಸರಿಗೆ ನುಗ್ಗಿದ ಬಸ್ಸಿನ ಹಾಗೆ.

ಭಾನುವಾರ ಊಟ ಮುಗಿಸಿ ಒಂದೂವರೆಗೆ ನಾನು ದಿಂಬು ಹಿಡಿದು ವ್ಯಾನ್ ಹತ್ತಿದೆ. ಪರೀಕ್ಷೆ ಬರೆಯಬೇಕಾದವಳು ನಾನು, ಬೆವರಿದವರು ಅವರು.

ಒಳಗೆ ಕೈಯಿಟ್ಟು ನೋಡಿದೆ. ಸಿಂಕು ಸುಡುತ್ತಿರಲಿಲ್ಲ. ಗಾಜು ಸುಡುತ್ತಿರಲಿಲ್ಲ. ಚಾವಣಿ ಕಾದಿತ್ತು ನಿಜ, ಊಟಿಯಂತೂ ಆಗಿರಲಿಲ್ಲ. ಆದರೆ ಎದೆಯ ಮೇಲೆ ಕೂರುತ್ತಿದ್ದ ಆ ಝಳ ಇಲ್ಲ. ಗಾಜು ಸರಿಸಿದೆ, ಬಲೆಯೊಳಗಿಂದ ಗಾಳಿ ಬಂತು. ತೋಟದೊಳಗೆ ಕೂತ ಹಾಗೆ ಹಸಿರು ಬೆಳಕು. ಮಲಗಿದೆ.

ಈ ಬಲೆಯದು ಒಂದು ಗುಣ. ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ, ಒಳಗಿನವರಿಗೆ ಹೊರಗಿನದೆಲ್ಲ ಕಾಣುತ್ತದೆ. ಕಣದ ನಡುವೆ ಬೋರಲು ಹಾಕಿದ ಬುಟ್ಟಿಯ ಮೇಲೆ ನಮ್ಮವರು ಕೂತಿದ್ದರು. ತಲೆಗೆ ಟೊಪ್ಪಿಯೂ ಇಲ್ಲ. ಆಪರೇಷನ್ ಥಿಯೇಟರಿನ ಹೊರಗೆ ಕಾಯುವವರ ಹಾಗೆ ವ್ಯಾನನ್ನೇ ನೋಡುತ್ತಿದ್ದರು. ಐದು ನಿಮಿಷಕ್ಕೊಮ್ಮೆ ಎದ್ದು, ಚಪ್ಪಲಿ ಬಿಟ್ಟು, ಸುಡುವ ಸಿಮೆಂಟಿನ ಮೇಲೆ ತುದಿಗಾಲಲ್ಲಿ ಬಂದು ಕಿವಿಗೊಡುತ್ತಿದ್ದರು. ಮತ್ತೆ ಹೋಗಿ ಕೂರುತ್ತಿದ್ದರು.

ನನಗೆ ಎಚ್ಚರವಾದಾಗ ನಾಲ್ಕೂಕಾಲು.

ಐದಕ್ಕೆ ಮೀನು ವ್ಯಾಪಾರಿ ಬಂದರು. ಹಸಿರು ಅಂಗಿ ತೊಟ್ಟ ವ್ಯಾನನ್ನು ನೋಡಿ, "ಇದೆಂತದು ಅಮ್ಮಾ, ಗಾಡಿಗೆ ಸೊಳ್ಳೆ ಪರದೆ?" ಎಂದರು.

"ಬೇಜಾರು ಮಾಡ್ಕೋಬೇಡಿ. ಕಾಫಿ ಕುಡ್ಕೊಂಡು ಹೋಗಿ. ಗಾಡಿ ಕೊಡಲ್ಲ," ಎಂದೆ.

ನಮ್ಮವರು ಆಗಿನಿಂದ ಕಂಡಕಂಡವರಿಗೆಲ್ಲ ಇದೇ ಕಥೆ ಹೇಳುತ್ತಿದ್ದಾರೆ: "ಹತ್ತು ನಿಮಿಷ ಮಾರಾಯ್ರೆ! ಮೂರನೇ ಸಲ ಕಿವಿ ಕೊಟ್ಟಾಗ ಗೊರಕೆ!"

ಆಮೇಲಿನ ಎರಡೂವರೆ ಗಂಟೆಯ ನಿದ್ದೆ ದೇವರಾಣೆಗೂ ನಿಜ. ಆದರೆ ಆ ಮೊದಲ ಗೊರಕೆ ಸುಳ್ಳು. ಬರಿಗಾಲಲ್ಲಿ ಬಿಸಿಲಲ್ಲಿ ಕಾಯುತ್ತಿದ್ದ ಗಂಡನನ್ನು ನೆರಳಿಗೆ ಕಳಿಸಲು ನನಗೆ ಬೇರೆ ಯಾವ ದಾರಿ ಇತ್ತು, ನೀವೇ ಹೇಳಿ?