ಎಕ್ಸ್‌ರೇ ನಿಲ್ಲಿಸಿದ ಡಾಕ್ಟರು

ನಮ್ಮ ಡಾಕ್ಟರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಇಳಿದಿತ್ತು. ಎಕ್ಸ್‌ರೇ ತಡೆಯುವ ಸೀಸದ ಅಂಗಿಯನ್ನು ವರ್ಷಾನುಗಟ್ಟಲೆ ಹೊತ್ತ ಗುರುತು ಅದು. "ಎತ್ತಿಗಾದ್ರೂ ಸೋಮವಾರ ನೊಗ ಇಳಿಸ್ತಾರೆ, ನಂಗೆ ಅದೂ ಇಲ್ಲ ನೋಡಮ್ಮ" ಅನ್ನೋರು.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ನಾನು ಅವರ ಜೊತೆಯ ನರ್ಸ್. ತಾಳ ತಪ್ಪಿ ಓಡುವ ಹೃದಯದೊಳಕ್ಕೆ ತೊಡೆಯ ರಕ್ತನಾಳದಿಂದ ಸಣ್ಣ ತಂತಿ ತೂರಿಸಿ, ತೊಂದರೆ ಕೊಡುವ ಜಾಗವನ್ನು ಸುಟ್ಟು ಸರಿಮಾಡುವುದು ಅವರ ಕೆಲಸ. ತಂತಿ ಎಲ್ಲಿದೆಯೆಂದು ನೋಡಲು ಪೆಡಲ್ ತುಳಿದು ಎಕ್ಸ್‌ರೇ ಬಿಡಬೇಕು. ಎಕ್ಸ್‌ರೇ ಇಲ್ಲದೆಯೇ ಹೃದಯದ ನಕ್ಷೆ ತೋರಿಸುವ ಕಂಪ್ಯೂಟರ್ ಬಂದಿದ್ದರೂ ಅವರ ಕಾಲು ಪೆಡಲನ್ನೇ ಹುಡುಕುತ್ತಿತ್ತು. ಮಹಾ ಕೋಪಿಷ್ಠ, ಹೇಳುವ ಧೈರ್ಯ ಯಾರಿಗಿತ್ತು?

ಎರಡು ಬಸಿರು ಕಳೆದುಕೊಂಡಿದ್ದೆ. ಮೂರನೆಯದು ನಿಂತಾಗ ಎಕ್ಸ್‌ರೇಗೆ ಹೆದರಿ ಬೇರೆ ವಾರ್ಡ್ ಕೇಳಿದರೆ, ಜಾಗವಿಲ್ಲ, ಕೆಲಸ ಬಿಡು ಎಂದರು ಆಡಳಿತದವರು. ಮನೆ ನಡೆಯುತ್ತಿದ್ದುದೇ ನನ್ನ ಸಂಬಳದಲ್ಲಿ. ಡಾಕ್ಟರ ಮುಂದೆ ಅತ್ತುಬಿಟ್ಟೆ.

"ಏಮ್ಮಾ, ನೀನ್ಯಾಕೆ ಹೊರಗೋಗ್ಬೇಕು? ಎಕ್ಸ್‌ರೇನೇ ಹೋಗ್ಲಿ," ಎಂದರು. ಅವರು ಸಾದಲಿ ಕಡೆಯ ರೇಷ್ಮೆ ಮನೆತನದವರು. "ನಮ್ಮನೇಲಿ ಹುಳ ಇರೋ ಕೋಣೆಗೆ ಊದುಬತ್ತಿ ಹೊಗೆನೂ ಬಿಡ್ತಿರ್ಲಿಲ್ಲ. ಮನುಷ್ಯರ ಮಗೂಗೆ ಇಷ್ಟಾದ್ರೂ ಮಾಡ್ಬಾರ್ದಾ?"

ಮರುದಿನ ಆಪರೇಷನ್ ಮೇಜಿನ ಮೇಲೆ ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಹೆಂಗಸು. ಡಾಕ್ಟರು ಎಕ್ಸ್‌ರೇ ಯಂತ್ರ ನಿಲ್ಲಿಸಿ, ನಕ್ಷೆ ನೋಡಿಕೊಂಡೇ ತಂತಿ ಸರಿಸತೊಡಗಿದರು. ಅವರ ಹಣೆಯ ಬೆವರು ಒರೆಸಿ ಒರೆಸಿ ನನಗೆ ಸಾಕಾಯಿತು.

"ಇನ್ನೂ ಆಗ್ಲಿಲ್ವಾ ಸಾರ್?"

"ಅವಸರ ಮಾಡಿದ್ರೆ ಎಳೆ ಹರಿಯಲ್ವೇನಮ್ಮ? ಸುಮ್ನಿರು."

ಆಕೆಯ ಹೃದಯ ತಾಳಕ್ಕೆ ಬಂತು. ಎಲ್ಲರೂ ನಕ್ಕರೆ ಇವರು ಮುಖ ಸಪ್ಪಗೆ ಮಾಡಿಕೊಂಡು ಕೂತರು. "ಇಷ್ಟ್ ವರ್ಷ ಸುಮ್ಸುಮ್ನೆ ತುಳಿದ್ನಲ್ಲಮ್ಮ." ಆಮೇಲೆ ಎಕ್ಸ್‌ರೇ ಬೇಕೇಬೇಕಾದಾಗ ಮಾತ್ರ ನನ್ನನ್ನು ಹೊರಗೆ ಕಳಿಸಿ ಪೆಡಲ್ ತುಳಿಯುತ್ತಿದ್ದರು. ಮಗಳು ಹುಟ್ಟಿದಳು, ಗುಂಡು ಗುಂಡಗೆ.

ಅವಳು ಶಾಲೆಗೆ ಸೇರುವ ಹೊತ್ತಿಗೆ ಡಾಕ್ಟರ ತಲೆಯೊಳಗೆ ಗಡ್ಡೆ ಕಾಣಿಸಿತು. ನೋಡಲು ಹೋದಾಗ ತಡೆಯಲಾರದೆ ಕೇಳಿದೆ, "ಎಕ್ಸ್‌ರೇಯಿಂದಾನಾ ಸಾರ್?"

"ಅದ್ಯಾರಿಗ್ಗೊತ್ತು? ಬಂದೈತೆ, ಅಷ್ಟೇ. ನಿನ್ ಮಗಳು ಉಣ್ತಾಳಾ ಸರಿಯಾಗಿ?"

ಅವರು ಹೋದ ದಿನ ಮಗಳನ್ನೂ ಹೊರಡಿಸಿದೆ. ಅತ್ತೆ ಅಡ್ಡ ನಿಂತರು. "ಸಾವಿನ ಮನೆಗೆ ಮಗೂನ ಕರ್ಕೊಂಡು ಹೋಗ್ತಾರೇನೇ?"

"ಈ ಸಾವಿಗೆ ಹೋಗ್ತಾರೆ ಅತ್ತೆ," ಎಂದೆ.

ಅವಳ ಕೈಯಿಂದಲೇ ಹೂವು ಇಡಿಸಿದೆ.

"ಯಾರಮ್ಮ ಈ ತಾತ?"

"ನೀನು ಹುಟ್ಲಿ ಅಂತ ನಿನ್ನ ಕಾಪಾಡ್ದೋರು ಕಣಮ್ಮ," ಎಂದೆ. ಅವಳು ಬಗ್ಗಿ, ಮಲಗಿದವರನ್ನು ಎಬ್ಬಿಸುವ ಹಾಗೆ ಅವರ ಕೆನ್ನೆ ಸವರಿದಳು.