ಕೋರೆಯ ಕೆಳಗಿನ ಬಾವಿ

ಕೆಂಪುಗುಡ್ಡೆಯಲ್ಲಿ ಪಂಚಾಯತಿನ ಪಂಪು ಬಿಡುವ ಹೂವಪ್ಪನಿಗೆ ಮೂಗೇ ಇಲ್ಲವೆಂದು ಊರವರು ತಮಾಷೆ ಮಾಡುತ್ತಿದ್ದರು. ಅವನು ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿದವ. ಮದುವೆಗೆ ಮುಂಚೆ ಹದಿನಾಲ್ಕು ವರ್ಷ ಮೀನೆಣ್ಣೆಯ ಮಿಲ್ಲಿನಲ್ಲಿ ದುಡಿದಿದ್ದ. ಕೊಳೆತ ಬೂತಾಯಿ ಮೀನನ್ನು ಸಲಿಕೆಯಲ್ಲಿ ಎತ್ತೆತ್ತಿ ಕುದಿಯುವ ಹಂಡೆಗೆ ಹಾಕಿದವನಿಗೆ ಇನ್ನು ಎಂತ ವಾಸನೆ ಗೊತ್ತಾಗಬೇಕು ಎಂದು ಅವರ ಲೆಕ್ಕ. ಅವನೂ ನಗುತ್ತಿದ್ದ. ಶಿರ್ವದಿಂದ ಒಳಗೆ ನಾಲ್ಕು ಮೈಲಿ ದೂರದ ಈ ಊರಿನ ಪುಷ್ಪಾವತಿಯನ್ನು ಮದುವೆಯಾಗಿ, ಅವಳ ಮನೆಯಲ್ಲೇ ಉಳಿದು, ಇಪ್ಪತ್ತೆರಡು ವರ್ಷದಿಂದ ಪಂಪುಶೆಡ್ಡಿನ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಬೆಳಿಗ್ಗೆ ಆರಕ್ಕೆ ಪಂಪು, ಏಳೂವರೆಗೆ ಕೆಳಗಿನ ಓಣಿಯ ವಾಲ್ವು. ಊರಿನ ಮುಕ್ಕಾಲು ಜನಕ್ಕೆ ಸ್ವಂತ ಬಾವಿ ಉಂಟು. ಆ ಓಣಿಯ ನಲವತ್ತೊಂದು ಮನೆಗಳಿಗೆ ಮಾತ್ರ ಹೂವಪ್ಪ ಬಿಟ್ಟರೆ ನೀರು, ಇಲ್ಲದಿದ್ದರೆ ಇಲ್ಲ.

ಆ ಊರಿನಲ್ಲಿ ಏನು ಕೊಟ್ಟರೂ ಹೆಸರು ಬರೆಸುವ ಕ್ರಮ. ಬಸ್ಸು ಕಾಯುವ ಬೆಂಚಿಗೆ ಹೆಸರು, ಶಾಲೆಯ ಫ್ಯಾನಿನ ರೆಕ್ಕೆಗೆ ಹೆಸರು, ಭಜನಾ ಮಂದಿರದ ಸ್ಟೀಲು ಲೋಟದ ತಳಕ್ಕೂ ಹೆಸರು. ಹಾಗಾಗಿ ಮನೆಮನೆಗೆ ನಲ್ಲಿ ಹಾಕುವ ಯೋಜನೆ ಬಂದಾಗ, ಖರ್ಚಿನ ಹತ್ತರಲ್ಲಿ ಒಂದು ಪಾಲು ಊರವರೇ ಹಾಕಬೇಕೆಂದರೆ ಯಾರಿಗೂ ಭಾರವಾಗಲಿಲ್ಲ. ದುಬೈಯಿಂದ ಬಂತು, ಮುಂಬೈಯಿಂದ ಬಂತು. ಹೊಸ ಎತ್ತರದ ಟ್ಯಾಂಕಿನ ಸುತ್ತ ನೀಲಿ ಬಣ್ಣದಲ್ಲಿ ಹತ್ತೊಂಬತ್ತು ಹೆಸರು ಏರಿದವು. ಓಣಿಯವರು ಮನೆಗೆ ಸಾವಿರದ ಐನೂರು ಕೊಟ್ಟರು. ಅವರ ಹೆಸರು ಬರೆಯಲು ಟ್ಯಾಂಕಿನಲ್ಲಿ ಜಾಗ ಇರಲಿಲ್ಲ.

ಅದೇ ವರ್ಷ ಇನ್ನೊಂದು ಕಡತವೂ ಬಂದಿತ್ತು. ಊರಿನ ಕಕ್ಕಸು ಗುಂಡಿಗಳಿಂದ ಎತ್ತಿದ್ದನ್ನು ಒಣಗಿಸಿ ಗೊಬ್ಬರ ಮಾಡುವ ಘಟಕದ್ದು. ಅದಕ್ಕೂ ಊರಿನ ಪಾಲು ಬೇಕಿತ್ತು. ಪಂಚಾಯತ್ ಅಧ್ಯಕ್ಷೆ ಕುಶಲಾ ಅದೇ ಹತ್ತೊಂಬತ್ತು ಮಂದಿಗೆ ಫೋನು ಮಾಡಿದರು. "ಹೇಲು ಗುಂಡಿಗೆ ನನ್ನ ಅಪ್ಪನ ಹೆಸರು ಹಾಕ್ತೀರಾ ಕುಶಲಕ್ಕ?" ಎಂದು ಒಬ್ಬ ನಕ್ಕ. ಉಳಿದವರು ಅಷ್ಟೂ ಹೇಳಲಿಲ್ಲ. ಕಡತ ಬಂದ ದಾರಿಯಲ್ಲೇ ವಾಪಸು ಹೋಯಿತು.

ಆದರೆ ಗುಂಡಿ ತುಂಬುವುದು ನಿಲ್ಲುತ್ತದಾ? ದೊಡ್ಡ ಮನೆಗಳಿಗೆ ಟ್ಯಾಂಕಿ ಲಾರಿ ಬರುತ್ತಿತ್ತು, ಪೈಪು ಇಳಿಸಿ ಎಳೆದುಕೊಂಡು ಗುಡ್ಡೆ ಹತ್ತುತ್ತಿತ್ತು. ಗುಡ್ಡೆಯ ಮೇಲೆ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆ. ಅಲ್ಲಿ ಖಾಲಿ. ಕೆಂಪುಕಲ್ಲು ಜೇನುಗೂಡಿನ ಹಾಗೆ, ಮೈತುಂಬ ತೂತು; ಮೇಲೆ ಹೊಯ್ದದ್ದು ಕೆಳಗೆ ಇಳಿದೇ ಇಳಿಯುತ್ತದೆ. ಇಳಿಯುವ ಜಾಗದಲ್ಲಿ ಪಂಚಾಯತಿನ ಬಾವಿ.

ಹೊಸ ಪೈಪು ಜೋಡಿಸಲೆಂದು ಮಾರ್ಚಿನಲ್ಲಿ ಪಂಪು ನಿಲ್ಲಿಸಿದ್ದರು; ಓಣಿಯವರು ಮೇಲಿನ ಮನೆಗಳ ಬಾವಿಯಿಂದ ಬೇಡಿ ನೀರು ಹೊರುತ್ತಿದ್ದರು. ಎರಡನೇ ವಾರ ಹೂವಪ್ಪ ಬಾವಿಯ ಬಲೆ ಸರಿಸಿದ. ಗಾಳಿ ಮುಖಕ್ಕೆ ಹೊಡೆಯಿತು. ನೀರಿನ ಮೇಲೆ ಬೂದಿ ಬಣ್ಣದ ಕೆನೆ, ಅದರ ಅಡಿಯಿಂದ ಗುಳ್ಳೆ. ಹಗ್ಗ ಮುಟ್ಟಿದರೆ ಲೋಳೆ. ಹದಿನಾಲ್ಕು ವರ್ಷ ಸತ್ತ ಮೀನಿನ ನಡುವೆ ನಿಂತು ಬುತ್ತಿ ಉಂಡವನು ಬಾವಿಕಟ್ಟೆ ಹಿಡಿದುಕೊಂಡು ಬೆಳಗಿನ ಗಂಜಿಯನ್ನೆಲ್ಲ ಕಕ್ಕಿದ.

ಬಾಯಿ ಒರೆಸಿಕೊಂಡು ನೇರ ಕುಶಲಾರ ಬಳಿ ಹೋದ.

"ನಿಮಗೆ ವಾಸನೆ ಬಂತಾ ಹೂವಪ್ಪಣ್ಣ?" ಎಂದರು ಅವರು. ಅಲ್ಲಿದ್ದ ನಲ್ಲಿ ಯೋಜನೆಯ ಗುತ್ತಿಗೆದಾರ ಧನರಾಜ್ ಮುಸಿಮುಸಿ ನಕ್ಕ. ಕುಶಲಾ ಒಂದು ಕಾಗದ ಮುಂದಿಟ್ಟರು. "ನೀರು ಪರೀಕ್ಷೆ ಆಗಿದೆಯಲ್ಲ, ಒಳ್ಳೆಯದುಂಟು ಅಂತ ಬಂದಿದೆ. ನಿಮ್ಮ ಪುಷ್ಪಕ್ಕನೇ ಮಾಡಿದ್ದು. ರುಜು ಉಂಟು ನೋಡಿ."

ನೀರು ಪರೀಕ್ಷೆಯ ಪೆಟ್ಟಿಗೆ ಕೊಟ್ಟು ತರಬೇತಿ ಕೊಡಿಸಿದ ಐದು ಹೆಂಗಸರಲ್ಲಿ ಪುಷ್ಪಾವತಿಯೂ ಒಬ್ಬಳು. ಮನೆಗೆ ಬಂದು ಹೂವಪ್ಪ ಕೇಳಿದ: "ನೀನು ನೀರು ತೆಗೆದದ್ದು ಎಲ್ಲಿಂದ?"

"ಕುಶಲಕ್ಕನ ಮನೆ ಬಾವಿಯಿಂದ."

"ಪಂಚಾಯತ್ ಬಾವಿ ಬಿಟ್ಟು?"

"ಮತ್ತೆಂತ? ಜಿಲ್ಲೆಯವರು ನೋಡುವ ನೀರಲ್ವಾ. ಊರಿನ ಹೆಸರು ಬರೆದು ಆ ಪಾಚಿ ನೀರು ತೋರಿಸುವುದಾ? ನೆಂಟರಿಗೆ ಬಡಿಸುವಾಗ ಕರಟಿದ ದೋಸೆ ಮೇಲಿಡ್ತಾರಾ ಯಾರಾದರೂ?"

ಅವಳು ಸುಳ್ಳು ಹೇಳುವ ಹೆಂಗಸಲ್ಲ. ಊರಿನಲ್ಲಿ ಎಲ್ಲಕ್ಕಿಂತ ಸಿಹಿ ನೀರು ಯಾವುದೆಂದು ಯೋಚಿಸಿ, ಮರ್ಯಾದೆಯಿಂದ, ತೊಳೆದ ಬಾಟಲಿಯಲ್ಲಿ ತಂದಿದ್ದಳು. ಹೂವಪ್ಪನಿಗೆ ಅವಳ ಕೈಯಿಂದ ಚಾ ಲೋಟ ತೆಗೆದುಕೊಳ್ಳಲೂ ಹೇಸಿಗೆಯಾಯಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆ ಇನ್ನಷ್ಟು. ಲೋಟ ಅಲ್ಲೇ ಬಿಟ್ಟು, ಪಂಚಾಯತ್ ಬಾವಿಯಿಂದ ಒಂದು ಬಾಟಲಿ ತಂದು ಅವಳ ಮುಂದಿಟ್ಟ. "ಇದನ್ನು ಮಾಡು."

ಎರಡು ದಿನ ಕಳೆದು ನೋಡಿದರೆ ಪರೀಕ್ಷೆಯ ಶೀಶೆ ಮಸಿಯ ಹಾಗೆ ಕಪ್ಪಾಗಿತ್ತು. ಕಪ್ಪಾದರೆ ನೀರಿಗೆ ಹೇಲು ಸೇರಿದೆ ಎಂದು ಪುಷ್ಪಾವತಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದಳು.

ಶೀಶೆ ನೋಡಿ ಕುಶಲಾ ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿಕೊಂಡರು. "ಹೂವಪ್ಪಣ್ಣ, ನಲ್ಲಿಯಲ್ಲಿ ನೀರು ಬೀಳುವ ಫೋಟೋ ತಿಂಗಳ ಕೊನೆಯೊಳಗೆ ಹೋಗದಿದ್ದರೆ ಕೊನೆಯ ಕಂತು ವಾಪಸು. ಅದರಲ್ಲಿ ಧನರಾಜರ ಬಿಲ್ಲು ಉಂಟು. ನಿಮ್ಮ ಏಳು ತಿಂಗಳ ಸಂಬಳವೂ ಅದು ಬಂದ ಮೇಲೆಯೇ. ಬ್ಲೀಚಿಂಗ್ ಪೌಡರ್ ಹಾಕಿ, ಈಗ ಸುಮ್ಮನಿರಿ."

"ಎಷ್ಟು ಹಾಕುವುದು ಕುಶಲಕ್ಕ, ಮೇಲಿನಿಂದ ಲಾರಿ ಹಾಕುತ್ತಾ ಇದ್ದರೆ?"

"ಲಾರಿ ನಿಲ್ಲಿಸಿದರೆ ಎಲ್ಲಿಗೆ ಕಳಿಸುವುದು? ನಿಮ್ಮ ಅಂಗಳಕ್ಕಾ?"

ಹೂವಪ್ಪ ಶೀಶೆ ಎತ್ತಿಕೊಂಡು ಹೊರಟ.

ಉದ್ಘಾಟನೆಗೆ ಶಾಮಿಯಾನ, ಮೈಕು, ದೊಡ್ಡ ಅಧಿಕಾರಿಯೊಬ್ಬರು. ಬಂದವರಿಗೆ ಮೊದಲು ಬೆಲ್ಲ ನೀರು ಕೊಡಬೇಕಲ್ಲ, ಅದು ಈ ಸೀಮೆಯ ಕ್ರಮ. ಹಿಂದಿನ ದಿನ ತಾನೇ ಪಂಪು ಬಿಡಿಸಿ ಟ್ಯಾಂಕು ತುಂಬಿಸಿದ್ದ ಧನರಾಜ್, ಕುಡಿಯಲು ಮಾತ್ರ ಶಿರ್ವದಿಂದ ಬಾಟಲಿ ನೀರು ತರಿಸಿ ಹಿತ್ತಾಳೆ ಚೆಂಬಿಗೆ ಸುರಿದಿಟ್ಟಿದ್ದ. ಹೂವಪ್ಪ ಚೆಂಬನ್ನು ಮಗುಚಿ, ವೇದಿಕೆಯ ಪಕ್ಕದ ಹೊಸ ನಲ್ಲಿಯಿಂದ ತುಂಬಿಸಿಕೊಂಡು ಬಂದ.

"ಟ್ಯಾಂಕಿನದ್ದೇ ಸಾರ್," ಎಂದ. "ಊರಿಗೆ ಕೊಡುವ ನೀರು."

ಅಧಿಕಾರಿ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಲೋಟ ಎತ್ತಿದರು. ಲೋಟ ಮೂಗಿನ ಹತ್ತಿರ ಬಂದು ನಿಂತಿತು. ಅವರು ಕುಶಲಾರ ಮುಖ ನೋಡಿದರು, ಕುಶಲಾ ಧನರಾಜನ ಮುಖ ನೋಡಿದರು. ಲೋಟ ಮೆಲ್ಲನೆ ಮೇಜಿನ ಅಡಿಗೆ ಹೋಯಿತು. ಹೂವಪ್ಪ ಕಾದ. ಈಗ ಏನಾದರೂ ಹೇಳುತ್ತಾರೆ, ಬೈಯುತ್ತಾರೆ, ನಿಲ್ಲಿಸಿ ಅನ್ನುತ್ತಾರೆ. ಅವರು ಕರವಸ್ತ್ರದಲ್ಲಿ ಬೆರಳೊರೆಸಿಕೊಂಡು, "ಟೇಪು ಎಲ್ಲಿ ಕತ್ತರಿಸುವುದು?" ಎಂದು ಕೇಳಿದರು. ನಲ್ಲಿ ತಿರುಗಿಸಿದರು. ನೀರು ಬಿತ್ತು, ಫೋಟೋ ಹೋಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಗೊತ್ತಿಲ್ಲದವರು ತಟ್ಟಿದರೆ ಬೇರೆ ಮಾತು. ಲೋಟವನ್ನು ಮೂಗಿನವರೆಗೆ ತಂದವರೂ ತಟ್ಟಿದರು.

ಊಟದ ಹೊತ್ತಿಗೆ ಧನರಾಜ್ ಬಂದ. "ಓಣಿಯ ವಾಲ್ವು ಬಿಡು ಮಾರಾಯ."

"ನಾನು ಬಿಡುವುದಿಲ್ಲ."

"ಸರಿ, ನನಗೆ ಕೈ ಇಲ್ವಾ?" ಅವನು ಸ್ಪ್ಯಾನರು ತಂದು ತಾನೇ ತಿರುಗಿಸಿದ.

ಹೂವಪ್ಪ ಓಣಿಗೆ ಓಡಿದ. ಮೊದಲ ಮನೆ ಶಾರ್ಲೆಟ್ ಬಾಯಿಯದ್ದು. ಅರವತ್ತು ದಾಟಿದ ಒಂಟಿ ಹೆಂಗಸು, ಹನ್ನೆರಡು ಮಲ್ಲಿಗೆ ಗಿಡದಲ್ಲಿ ಅವಳ ಜೀವನ. ಒಂದು ಕೊಡ ತುಂಬಿ, ಎರಡನೆಯದು ನಲ್ಲಿಯ ಅಡಿಯಲ್ಲಿತ್ತು. ಅವನು ಒಳನುಗ್ಗಿ ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸಿದ.

"ಮರುಳಾ ನಿನಗೆ? ನಿನ್ನ ಅಪ್ಪನ ದುಡ್ಡಾ ಅದು? ಸಾವಿರದ ಐನೂರು ಕೊಟ್ಟಿದ್ದೇನೆ ನಾನು."

"ಗುಡ್ಡೆಗೆ ಹೋಗುವ ಲಾರಿ ನೋಡಿದ್ದೀರಲ್ಲ ಬಾಯಿ. ಅದರದ್ದು ಇದು."

ಅವಳು ಬಗ್ಗಿ ಮೂಸಿದಳು. ಮುಖ ಸಿಂಡರಿಸಿದರೂ ಕೊಡ ಬಿಡಲಿಲ್ಲ. "ಕುದಿಸಿದರೆ?"

"ಕುದಿಸಿದರೆ ಅದೇ, ಬಿಸಿಯಾಗಿ."

ಶಾರ್ಲೆಟ್ ಬಾಯಿ ಎರಡನೇ ಕೊಡವನ್ನು ತಾನೇ ಎತ್ತಿ ಮಲ್ಲಿಗೆಯ ಕಡೆ ನಡೆದವಳು ಅರ್ಧದಲ್ಲಿ ನಿಂತಳು. "ಬೇಡ, ದೇವರಿಗೆ ಹೋಗುವ ಹೂವು," ಎಂದು ಗೇಟಿನ ಹೊರಗೆ ರಸ್ತೆಗೆ ಚೆಲ್ಲಿದಳು. ಪುಷ್ಪಾವತಿಯೂ ಅಷ್ಟರಲ್ಲಿ ಕಪ್ಪು ಶೀಶೆ ಹಿಡಿದು ಬಂದಿದ್ದಳು. ಮನೆಮನೆಗೆ ಹೋಗಿ ತೋರಿಸಿದಳು, ಮೊದಲು ಪರೀಕ್ಷೆ ಮಾಡಿದ್ದು ಯಾರ ಬಾವಿಯದೆಂದೂ ಬಾಯಿಬಿಟ್ಟು ಹೇಳಿದಳು. ಕೆಲವರು ಅವಳಿಗೆ ಉಗಿದರು. ಅವಳು ಒರೆಸಿಕೊಂಡು ಮುಂದಿನ ಮನೆಗೆ ಹೋದಳು.

ಹೂವಪ್ಪ ಪಂಪುಶೆಡ್ಡಿಗೆ ಹೋಗಿ ಮೂರು ಫ್ಯೂಸನ್ನೂ ಕಿತ್ತು ಬಾವಿಗೆ ಎಸೆದ. ಟ್ಯಾಂಕು ಒಮ್ಮೆ ಖಾಲಿಯಾದರೆ ಮತ್ತೆ ತುಂಬುವುದು ಬೇಡ. ಬೀಗದಕೈಯನ್ನು ಪಂಚಾಯತಿನ ಮೇಜಿನ ಮೇಲಿಟ್ಟು ಬಂದ. ಏಳು ತಿಂಗಳ ಸಂಬಳ ಕೇಳಲಿಲ್ಲ, ಅವರೂ ಕೊಡಲಿಲ್ಲ. ಫ್ಯೂಸು ಎಸೆದದ್ದಕ್ಕೆ ನೋಟೀಸು ಮಾತ್ರ ಬಂತು.

ನಲವತ್ತೊಂದು ಮನೆಯ ಹೆಂಗಸರು ಖಾಲಿ ಕೊಡ ತಂದು ಪಂಚಾಯತ್ ಬಾಗಿಲಲ್ಲಿ ಕೂತ ಮೂರನೇ ದಿನ ಕುಡಿಯುವ ನೀರಿನ ಟ್ಯಾಂಕರ್ ಬಂತು. ಹೂವಪ್ಪ ತನ್ನ ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದ. ಮುಂದೆ ಶಾರ್ಲೆಟ್ ಬಾಯಿ ಒಂದು ಬೊಗಸೆ ಕುಡಿದು ಮುಖ ಕಿವುಚಿ ಅವನತ್ತ ತಿರುಗಿದಳು.

"ಇದಕ್ಕೆ ರಬ್ಬರು ಪೈಪಿನ ವಾಸನೆ, ಹೂವಪ್ಪ."

"ಬರೀ ರಬ್ಬರು ಅಲ್ವಾ ಬಾಯಿ," ಎಂದ ಅವನು. "ಕುಡಿಯಿರಿ."