ಜಪಾನ್ ಕಾರಿಗೆ ಕಟ್ಟಿದ ಒದ್ದೆ ಪಂಚೆ

ಎಸ್ಸೆಸ್ಸೆಲ್ಸಿ ಮುಗಿಸಿ ಸಂಡೂರಿನ ಅದಿರು ಲಾರಿಗಳ ಕೆಳಗೆ ಮಲಗಿ ಕೆಲಸ ಕಲಿತವನು ನಾನು. ಗೆಳೆಯನಿಗೆ ಮಾಡಿದ ಒಂದು ಅನ್ಯಾಯವನ್ನು ಈ ವಯಸ್ಸಿನಲ್ಲಿ ಬರೆದಿಡುತ್ತಿದ್ದೇನೆ.

ಅದಿರಿಗೆ ಬೆಲೆ ಬಂದಿದ್ದ ಕಾಲದಲ್ಲಿ ಹೊಸಪೇಟೆಯ ನಮ್ಮ ಮಾಲೀಕರು ಮುಂಬೈಯಿಂದ ಒಂದು ಹಳೆಯ ಜಪಾನ್ ಸ್ಪೋರ್ಟ್ಸ್ ಕಾರು ತರಿಸಿದರು. ಸ್ವಿಚ್ ಒತ್ತಿದರೆ ಹೆಡ್‌ಲೈಟು ಕಪ್ಪೆಯ ಕಣ್ಣಿನಂತೆ ಮೇಲೇಳುತ್ತಿತ್ತು. ಲಾರಿಗಳನ್ನು ನೋಡಿಕೊಳ್ಳುತ್ತಿದ್ದ ನನಗೇ ಅದರ ಉಸ್ತುವಾರಿಯೂ ಬಂತು. ಆದರೆ ಅದರ ಒಳಗು ಬಲ್ಲವನು ಕಂಪ್ಲಿಯ ನನ್ನ ಗೆಳೆಯ. ಅವನೂ ಮೆಕ್ಯಾನಿಕ್. ರದ್ದಿ ಅಂಗಡಿಯಿಂದ ಕಾರಿನ ಇಂಗ್ಲಿಷ್ ಪತ್ರಿಕೆ ತಂದು ನಿಘಂಟು ಹಿಡಿದು ಓದುತ್ತಿದ್ದ. ಮೊದಲ ಮಾದರಿ ಹಗುರ, ಎಂಜಿನ್ ಸಣ್ಣದು. ಎರಡನೆಯದರಲ್ಲಿ ಎಂಜಿನ್ ಬೆಳೆಯಿತು, ಮೈ ಅಗಲವಾಯಿತು. ಮೂರನೆಯದಕ್ಕೆ ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ ಬಂತು, ಕಪ್ಪೆಗಣ್ಣು ಹೋಯಿತು. ಇದನ್ನೆಲ್ಲ ತನ್ನದೇ ಮನೆತನದ ವಂಶಾವಳಿಯಂತೆ ಒಪ್ಪಿಸುತ್ತಿದ್ದ.

ನಮ್ಮದು ಮೊದಲ ಮಾದರಿ. "ತಮ್ಮನ ಅಂಗಿ ಅಣ್ಣಗ ತೊಡಸಬೌದು, ಹೊಲಿಗಿ ಎಲ್ಲಿ ಬಿಚ್ಚಬೇಕಂತ ಗೊತ್ತಿರಬೇಕಷ್ಟ" ಎನ್ನುತ್ತಾ ಮೂರನೆಯದರ ಟರ್ಬೊ, ಗಾಳಿ ತಂಪು ಮಾಡುವ ಇಂಟರ್‌ಕೂಲರ್, ಗಟ್ಟಿ ಸ್ಪ್ರಿಂಗು, ಎಲ್ಲವನ್ನೂ, ಗಾಳಿಯ ಪೈಪುಗಳನ್ನು ತಾನೇ ಅಳೆದು ಕೊಯ್ದು, ತಿಂಗಳುಗಟ್ಟಲೆ ಒಂದೊಂದಾಗಿ ಕೂರಿಸಿದ. ಕೊನೆಗೆ, ಗಾಳಿಯನ್ನು ಸಲೀಸಾಗಿ ಎಳೆಯಲೆಂದು ಮುಚ್ಚಳವೇ ಇಲ್ಲದ ಫಿಲ್ಟರ್ ಹಾಕಿದ.

ಅದನ್ನು ನೋಡಿ ನನ್ನ ಜೀವ ತಡೆಯಲಿಲ್ಲ. ಸಂಡೂರಿನ ಕೆಂಪು ದೂಳಿಗೆ ಅಂಜಿ ನಮ್ಮ ಲಾರಿಯವರು ಫಿಲ್ಟರಿನ ಬಾಯಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದರು. ಅವನು ಊರಿಗೆ ಹೋದ ಮೇಲೆ ನಾನೂ ನನ್ನ ಹಳೆಯ ಪಂಚೆ ಹರಿದು, ನೀರಲ್ಲಿ ಅದ್ದಿ, ಎರಡು ಸುತ್ತು ಬಿಗಿದೆ. ಒಳ್ಳೆಯದು ಮಾಡಿದೆನೆಂದೇ ತಿಳಿದಿದ್ದೆ.

ಮರುದಿನ ಮಾಲೀಕರು ಅತಿಥಿಯೊಬ್ಬರನ್ನು ಕೂರಿಸಿಕೊಂಡು ಸಂಡೂರಿನ ಘಾಟಿ ಹತ್ತಿದರು. ದೂಳು ಮೆತ್ತಿ ಪಂಚೆ ಕೆಸರಾಯಿತು, ಕಾರಿಗೆ ಉಸಿರು ಕಟ್ಟಿತು. ಅದಿರು ಹೇರಿಕೊಂಡ ನಮ್ಮದೇ ಲಾರಿಯೊಂದು ಹಾರ್ನ್ ಹೊಡೆದು ಅವರನ್ನು ಹಿಂದೆ ಹಾಕಿ ಹೋಯಿತಂತೆ.

ಕಾರು ಕೆಮ್ಮುತ್ತಾ ಶೆಡ್ಡಿಗೆ ಬಂತು. ಬಾನೆಟ್ ಎತ್ತಿದ ಕೂಡಲೇ ನನ್ನ ತಪ್ಪು ನನಗೆ ಕಂಡಿತು. ಯಾರೂ ನೋಡದಂತೆ ಪಂಚೆ ಕಿತ್ತು ಬಿಸಾಡಿದೆ. ಕಾರು ಮೊದಲಿನಂತೆ ಗುಡುಗಿತು. ಏನಾಗಿತ್ತೆಂದು ಮಾಲೀಕರು ಕೇಳಿದರು.

"ಕಂಪ್ಲಿಯಾಂವ ಜೋಡ್ಸಿದ್ದು ಸರಿ ಇದ್ದಿಲ್ರಿ. ನಾ ಸರಿ ಮಾಡೀನಿ" ಎಂದೆ.

ಅಷ್ಟೇ ಮಾತು. ಗೆಳೆಯನನ್ನು ಶೆಡ್ಡಿಗೆ ಸೇರಿಸಬೇಡಿ ಎಂದು ಅಪ್ಪಣೆಯಾಯಿತು. ಊರಲ್ಲಿ ಸುದ್ದಿ ಹರಡಿ, ಆಮೇಲೆ ಯಾರೂ ಅವನ ಕೈಗೆ ಕಾರು ಕೊಡಲಿಲ್ಲ. ಅವನು ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳಲು ಸೇರಿದ. ನಾನು ಕಂಪ್ಲಿಯ ಕಡೆ ಮುಖ ಹಾಕುವುದನ್ನೇ ಬಿಟ್ಟೆ.

ಗಣಿ ನಿಂತಿತು, ಕಾರು ತಾಡಪಾಲಿನ ಕೆಳಗೆ ಮಲಗಿತು. ಹೋದ ವರ್ಷ ಮಾಲೀಕರ ಮಗಳು ಅದನ್ನು ಮತ್ತೆ ಓಡಿಸಬೇಕೆಂದು ನನ್ನನ್ನು ಕರೆಸಿದರು. ಅಪ್ಪ ನಿಮ್ಮನ್ನೇ ಹೊಗಳುತ್ತಿದ್ದರು ತಾತಾ, ಈ ಕಾರು ನಿಮ್ಮ ಕೈಗೇ ಗೊತ್ತು ಎಂದರು. ಚಹಾ ಕೊಟ್ಟರು, ಅರ್ಧ ಲೋಟಕ್ಕೇ ಎದ್ದು ಬಂದೆ. ಮರುದಿನ ಬೆಳಗ್ಗೆ ಕಂಪ್ಲಿ ಬಸ್ಸು ಹತ್ತಿದೆ.

ಗಿರಣಿಯಲ್ಲಿ ಅವನು ಬೇರಿಂಗಿಗೆ ಗ್ರೀಸು ಹಚ್ಚುತ್ತಿದ್ದ. ತಲೆಯೆಲ್ಲ ತೌಡು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಹೊಡೆಯುತ್ತಾನೆ ಎಂದುಕೊಂಡೆ. ಅವನು ಗ್ರೀಸಿನ ಡಬ್ಬಿ ಕೆಳಗಿಟ್ಟು ನನ್ನನ್ನೇ ನೋಡಿದ.

"ಪೈಪಿನ ಅಳತಿ ತಪ್ಪೀನೇನೋ ಅಂತ ಇಷ್ಟ್ ವರ್ಸ ತಲಿ ಕೆಡಿಸ್ಕಂಡೀನಲ್ಲಲೇ" ಎಂದ. "ಅಂದ್ರ ಅಳತಿ ಸರಿ ಇತ್ತು."

ಮತ್ತೊಮ್ಮೆ ತನ್ನಷ್ಟಕ್ಕೆ ಅದನ್ನೇ ಹೇಳಿಕೊಂಡ. ನನ್ನನ್ನು ಬೈಯುವುದನ್ನೂ ಮರೆತು ನಗತೊಡಗಿದ. ಆಮೇಲೆ ನೆನಪಾಗಿ ಚೆನ್ನಾಗಿಯೇ ಬೈದ.

"ನನ್ ಮುಂದ ಹೇಳಿದ್ರ ಏನ್ ಬಂತು? ಆ ಹುಡಿಗಿಗಿ ಫೋನ್ ಹಚ್ಚು."

ಗಿರಣಿಯ ಹಮಾಲರೆಲ್ಲ ನೋಡುತ್ತಿದ್ದಂತೆ ಮಾಲೀಕರ ಮಗಳಿಗೆ ಫೋನ್ ಮಾಡಿ ಮತ್ತೆ ಎಲ್ಲ ಒಪ್ಪಿಕೊಂಡೆ. ಫೋನ್ ನಿಮ್ಮ ಗೆಳೆಯರಿಗೆ ಕೊಡಿ ಎಂದರು. ಇಬ್ಬರೂ ಟರ್ಬೊ ಬಗ್ಗೆ ಮಾತಾಡುತ್ತಲೇ ಇದ್ದರು. ನಾನು ಅಕ್ಕಿ ಮೂಟೆಯ ಮೇಲೆ ಕೂತು ಕೇಳಿದೆ.

ಹದಿನೈದು ದಿನ ಅವನು ಹೊಸಪೇಟೆಗೆ ಬಂದು ಕೆಲಸ ಮಾಡಿದ. ನಾನು ಸೀಮೆಎಣ್ಣೆಯಲ್ಲಿ ನಟ್ಟು ತೊಳೆದೆ. ಕಾರು ಓಡಿಸಿ ನೋಡುವ ದಿನ ಹಂಪಿಗೆ ಹೋಗುವುದೆಂದಾಯಿತು. ಇರುವುದು ಎರಡೇ ಸೀಟು. ಅವನು ಸ್ಟೇರಿಂಗ್ ಹಿಡಿದ, ಮಗಳು ಪಕ್ಕದಲ್ಲಿ ಕೂತರು.

"ನೀ ಬಸ್ಸಿಗೆ ಬಾರಲೇ" ಎಂದ.

ಕಾರು ನಮ್ಮ ಬಸ್ಸನ್ನು ಸುಯ್ಯೆಂದು ದಾಟಿ ಹೋಯಿತು. ಯಾವ ಕಾರ್ರೀ ಅದು ಎಂದು ಕಂಡಕ್ಟರ್ ಕೇಳಿದ.

"ಜಪಾನಿಂದು" ಎಂದೆ. "ಕೆಲಸ ಮಾಡಿದಾಂವ ಕಂಪ್ಲಿಯಾಂವ."